ಬಾವುಟಕ್ಕೆ ಒಂದು ಅಳತೆ, ಪರ್ಮಿಟ್ಟಿಗೆ ಇನ್ನೊಂದು

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಸಣ್ಣ ಟ್ರಕ್ ಸಂಸ್ಥೆಯಲ್ಲಿ ಡಿಸ್ಪ್ಯಾಚರ್ (ಲೋಡುಗಳಿಗೆ ಟ್ರಕ್ಕು, ಚಾಲಕರನ್ನು ಗೊತ್ತುಮಾಡಿ ಕಳಿಸುವವನು) ಆಗಿದ್ದೇನೆ. ಇದುವರೆಗೆ ಮುಚ್ಚಿದ ಟ್ರೇಲರ್‌ಗಳ ಕೆಲಸವನ್ನಷ್ಟೇ ನೋಡಿಕೊಂಡವನು. ಈಗ ಹೂಸ್ಟನ್‌ನಿಂದ ಡೆನ್ವರ್‌ಗೆ ಒಂದು ಕಂಪ್ರೆಸರ್ ಸಾಗಿಸುವ ಕೆಲಸ ಬಂದಿದೆ. ಅಗಲ 11 ಅಡಿ, ಎತ್ತರ 10 ಅಡಿ, ಉದ್ದ 28 ಅಡಿ, ತೂಕ 42,000 ಪೌಂಡ್. ನಾಲ್ಕು ಮೂಲೆಗೆ ಕೆಂಪು ಬಾವುಟ ಕಟ್ಟಿ ಟೆಕ್ಸಾಸ್ ಪರ್ಮಿಟ್, ಅಂದರೆ ಅಳತೆ ಮೀರಿದ ಲೋಡು ಸಾಗಿಸಲು ರಾಜ್ಯದ ಅನುಮತಿ, ತೆಗೆದುಕೊಂಡರೆ ಮುಗಿಯಿತು ಎಂದು ಒಬ್ಬ ಚಾಲಕರು ಹೇಳುತ್ತಾರೆ. ದಾರಿಯ ಪ್ರತಿ ರಾಜ್ಯಕ್ಕೂ ಬೇರೆ ಪರ್ಮಿಟ್ ಬೇಕು ಎನ್ನುತ್ತಾರೆ ಇನ್ನೊಬ್ಬರು. ಬಾವುಟದ ನಿಯಮ ನಿಜಕ್ಕೂ ಏನು? ರಾತ್ರಿ ಓಡಿಸಬಹುದೇ? ಪರ್ಮಿಟ್ ಕೈಯಲ್ಲಿದ್ದರೆ ಸೇತುವೆಗಳ ಚಿಂತೆ ಬಿಡಬಹುದೇ?

ಉತ್ತರ: ಎರಡನೆಯವರ ಮಾತೇ ಸರಿ. ನಿಮ್ಮ ಲೋಡಿಗೆ ಕನಿಷ್ಠ ಮೂರು ರಾಜ್ಯಗಳ ಪರ್ಮಿಟ್ ಬೇಕು, ಬಾವುಟ ಕಟ್ಟಲೇಬೇಕು, ಹಗಲಿನ ಓಟವೆಂದೇ ಲೆಕ್ಕ ಹಾಕಿಕೊಳ್ಳಬೇಕು. ಸೇತುವೆಯ ಚಿಂತೆಯನ್ನಂತೂ ಪರ್ಮಿಟ್ ಕೈಗೆ ಬಂದ ಮೇಲೂ ಬಿಡುವಂತಿಲ್ಲ. ಆದರೆ ಈ ನಾಲ್ಕು ಉತ್ತರಗಳನ್ನು ಬಾಯಿಪಾಠ ಮಾಡಿಕೊಂಡರೆ ಮುಂದಿನ ಲೋಡಿಗೆ ಮತ್ತೆ ಪ್ರಶ್ನೆ ಕೇಳಬೇಕಾಗುತ್ತದೆ. ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ಹಿಡಿದುಕೊಂಡುಬಿಡಿ.

ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಕಡೆ. ಬಾವುಟ, ಪರ್ಮಿಟ್ ಎರಡೂ ಒಂದೇ ನಿಯಮದ ಎರಡು ತುದಿ ಎಂದುಕೊಳ್ಳುತ್ತಾರೆ. ಅವು ಬೇರೆ ಬೇರೆ ಕಾನೂನುಗಳು, ಬೇರೆ ಬೇರೆ ಸರ್ಕಾರಗಳ ಕಾನೂನುಗಳು. ಅಳತೆಯ ಟೇಪನ್ನು ಹಿಡಿಯುವ ಜಾಗವೂ ಬೇರೆ. ಬಾವುಟದ ನಿಯಮ ಕೇಂದ್ರ ಸರ್ಕಾರದ್ದು, ಅಂದರೆ ಫೆಡರಲ್ ಸುರಕ್ಷತಾ ನಿಯಮಾವಳಿಯ 393.87ನೇ ವಿಧಿ. ಅದು ಅಳೆಯುವುದು ವಾಹನದ ಅಂಚಿನಿಂದ: ಸರಕು ಟ್ರೇಲರ್‌ನ ಪಕ್ಕಕ್ಕೆ ಎಷ್ಟು ಚಾಚಿಕೊಂಡಿದೆ, ಹಿಂದಕ್ಕೆ ಎಷ್ಟು ಚಾಚಿಕೊಂಡಿದೆ. ಪರ್ಮಿಟ್ ರಾಜ್ಯದ್ದು. ಅದಕ್ಕೆ ಸರಕು ಟ್ರೇಲರ್‌ನಿಂದ ಹೊರಗಿದೆಯೋ ಒಳಗಿದೆಯೋ ಬೇಕಾಗಿಲ್ಲ. ಇಡೀ ಗಾಡಿ ರಸ್ತೆಗೆ ನಿಗದಿಯಾದ ಮಿತಿಯೊಳಗಿದೆಯೇ ಎಂಬುದಷ್ಟೇ ಮುಖ್ಯ.

ಹೀಗಾಗಿ ಒಂದಿದ್ದು ಇನ್ನೊಂದಿಲ್ಲದ ಸಂದರ್ಭಗಳು ಬರುತ್ತವೆ. 8 ಅಡಿ 6 ಇಂಚು ಅಗಲದ ಟ್ರೇಲರ್ ಮೇಲೆ ಸರಿಯಾಗಿ 9 ಅಡಿ ಅಗಲದ ಯಂತ್ರವನ್ನು ನಟ್ಟನಡುವೆ ಕೂರಿಸಿದಿರಿ ಎನ್ನಿ. ಎರಡೂ ಪಕ್ಕಕ್ಕೆ ಮೂರು ಮೂರು ಇಂಚು ಹೊರಗೆ ಬರುತ್ತದೆ. ಫೆಡರಲ್ ನಿಯಮಕ್ಕೆ ನಾಲ್ಕು ಇಂಚು ಮೀರಿದ ಮೇಲಷ್ಟೇ ಬಾವುಟ ಬೇಕು, ಹಾಗಾಗಿ ಅದರ ಪ್ರಕಾರ ಈ ಲೋಡಿಗೆ ಬಾವುಟ ಬೇಡ. ಆದರೆ ಅಗಲದ ಕಾನೂನುಬದ್ಧ ಮಿತಿ 102 ಇಂಚು. ಇದು 108 ಇಂಚು. ಆದ್ದರಿಂದ ಪರ್ಮಿಟ್ ಬೇಕೇ ಬೇಕು, ಮತ್ತು ಆ ಪರ್ಮಿಟ್ಟಿನ ಷರತ್ತಿನಲ್ಲಿ ರಾಜ್ಯವೇ ಬಾವುಟ ಕೇಳಿದರೆ ಕಟ್ಟಬೇಕು. ಇನ್ನೊಂದು ತುದಿಯಲ್ಲಿ, ಟ್ರೇಲರ್ ಅಗಲದ ಒಳಗೇ ಇರುವ ಕಬ್ಬಿಣದ ಕೊಳವೆಗಳು ಹಿಂದಕ್ಕೆ ಐದು ಅಡಿ ಚಾಚಿಕೊಂಡಿವೆ ಎನ್ನಿ. ಆ ರಾಜ್ಯದ ಉದ್ದದ ಮಿತಿ ಒಪ್ಪುವುದಾದರೆ ಪರ್ಮಿಟ್ ಬೇಕಾಗದಿರಬಹುದು, ಆದರೆ ಬಾವುಟ ತಪ್ಪುವುದಿಲ್ಲ. ಹಿಂದಕ್ಕೆ ನಾಲ್ಕು ಅಡಿ ದಾಟಿದರೆ ಅದು ಕಡ್ಡಾಯ.

ನಿಮ್ಮ ಕಂಪ್ರೆಸರ್ 11 ಅಡಿ, ಅಂದರೆ 132 ಇಂಚು. 102 ಇಂಚಿನ ಟ್ರೇಲರ್ ಮೇಲೆ ಕೂತರೆ ಪ್ರತಿ ಪಕ್ಕಕ್ಕೆ 15 ಇಂಚು ಹೊರಗೆ ನಿಲ್ಲುತ್ತದೆ. ಎರಡೂ ಕಾನೂನಿಗೆ ಸಿಕ್ಕಿತು.

ಬಾವುಟ ಹೇಗಿರಬೇಕು? ಪ್ರತಿಯೊಂದೂ ಕನಿಷ್ಠ 18 ಇಂಚಿನ ಚೌಕ. ಬಣ್ಣ ಹೊಳೆಯುವ ಕೆಂಪು ಅಥವಾ ಕಿತ್ತಳೆ, ಅಂದರೆ ಫ್ಲೋರೆಸೆಂಟ್. ಅಂಗಡಿಯಲ್ಲಿ ಸಿಗುವ ಮಾಮೂಲಿ ಕೆಂಪು ಬಟ್ಟೆ, ಹಳೆಯ ಟೀ ಶರ್ಟಿನ ತುಂಡು, ಗ್ರೀಸ್ ಒರೆಸುವ ಚಿಂದಿ ಇವೆಲ್ಲ ಈ ನಿಯಮಕ್ಕೆ ಬಾವುಟಗಳಲ್ಲ. ಪಕ್ಕಕ್ಕೆ ಚಾಚಿದ ಸರಕಿನ ಹೊರತುದಿಗಳನ್ನು ಅವು ತೋರಿಸಬೇಕು. ಹಿಂದಕ್ಕೆ ಚಾಚಿದ ಭಾಗದ ಅಗಲ ಎರಡು ಅಡಿಯೊಳಗಿದ್ದರೆ ಕಟ್ಟಕಡೆಯ ತುದಿಗೆ ಒಂದು ಬಾವುಟ ಸಾಕು. ಎರಡು ಅಡಿಗಿಂತ ಅಗಲವಿದ್ದರೆ ಎರಡು ಬೇಕು, ಗರಿಷ್ಠ ಅಗಲ ಎಷ್ಟೆಂದು ಹಿಂದಿನವನಿಗೆ ಗೊತ್ತಾಗುವ ಜಾಗದಲ್ಲಿ. ನಿಮ್ಮ ಚಾಲಕರು ಹೇಳಿದ ‘ನಾಲ್ಕು ಮೂಲೆ’ ಸೂತ್ರ ಬಹುಪಾಲು ಲೋಡುಗಳಿಗೆ ಸರಿಹೋಗುತ್ತದೆ, ಏಕೆಂದರೆ ಬಹುಪಾಲು ಲೋಡುಗಳು ಪೆಟ್ಟಿಗೆಯ ಆಕಾರದವು. ಕಂಪ್ರೆಸರ್ ಪೆಟ್ಟಿಗೆಯಲ್ಲ. ಅದರ ನಡುವಿನಲ್ಲಿ ಒಂದು ಕೊಳವೆಯ ಮೂತಿಯೋ ಏಣಿಯ ಮೆಟ್ಟಿಲೋ ಮೂಲೆಗಳಿಗಿಂತ ಹೊರಗೆ ಚಾಚಿರುವುದು ಮಾಮೂಲು. ಹಾಗಿದ್ದರೆ ಅತಿ ಅಗಲದ ಜಾಗ ಅದೇ, ಬಾವುಟ ಸೇರಬೇಕಾದದ್ದೂ ಅಲ್ಲಿಗೇ. ಮೂಲೆಗಳಲ್ಲಿ ಬಾವುಟ ಹಾರುತ್ತಿದ್ದು ನಡುವಿನ ಮೂತಿ ಬರಿದಾಗಿದ್ದರೆ, ಎದುರು ಬರುವವನು ಮೂಲೆಯನ್ನು ನೋಡಿ ಅಂತರ ಅಂದಾಜು ಮಾಡಿ ಮೂತಿಗೆ ತಾಗಿಸುತ್ತಾನೆ.

ಬಾವುಟಗಳ ಆಯುಷ್ಯ ಚಿಕ್ಕದು. ಬಿಸಿಲಿಗೆ ಕಿತ್ತಳೆ ಬಣ್ಣ ಮೊದಲು ಹಳದಿಗೆ ತಿರುಗಿ ಆಮೇಲೆ ಬಿಳಿಚಿಕೊಳ್ಳುತ್ತದೆ. ಹೊಗೆ ಕೊಳವೆಯ ಹತ್ತಿರ ಕಟ್ಟಿದ್ದು ಒಂದೇ ಪ್ರಯಾಣದಲ್ಲಿ ಮಸಿ ಹಿಡಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಾನು ಕಂಡಿರುವುದು, ಬಟ್ಟೆ ಗಾಳಿಗೆ ಸುತ್ತಿಕೊಂಡು ಪಕ್ಕದ ಸರಪಳಿಗೆ ಹಗ್ಗದ ಹಾಗೆ ಹೆಣೆದುಕೊಂಡಿರುವುದು. ಚಾಲಕರನ್ನು ಕೇಳಿದರೆ ‘ಕಟ್ಟಿದ್ದೇನೆ ಸಾರ್’ ಎನ್ನುತ್ತಾರೆ, ಸುಳ್ಳೂ ಅಲ್ಲ. ಆದರೆ ಹಿಂದಿನಿಂದ ನೋಡುವವನಿಗೆ ಅಲ್ಲಿ ಬಾವುಟವಿಲ್ಲ, ಒಂದು ಕೆಂಪು ದಾರವಿದೆ. ಮೇಲಂಚಿನಲ್ಲಿ ಮರದ ಕಡ್ಡಿ ಇರುವ ಬಾವುಟಗಳನ್ನು ಕೊಂಡರೆ ಬಟ್ಟೆ ಬಿಡಿಸಿಕೊಂಡೇ ನಿಲ್ಲುತ್ತದೆ. ಬರಿ ಬಟ್ಟೆಗಿಂತ ಅವೇ ವಾಸಿ. ಕ್ಯಾಬಿನ್ನಿನಲ್ಲಿ ಒಂದು ಜೊತೆ ಹೆಚ್ಚುವರಿ ಇಡಿಸಿ. ಸರಕಿನ ಕಟ್ಟನ್ನು ಹೊರಟ ಮೊದಲ 50 ಮೈಲಿಯೊಳಗೆ ಒಮ್ಮೆ ಪರೀಕ್ಷಿಸಬೇಕು, ಆಮೇಲೆ ಮೂರು ಗಂಟೆ ಅಥವಾ 150 ಮೈಲಿ, ಯಾವುದು ಮೊದಲೋ ಆಗ ಮತ್ತೆ ನೋಡಬೇಕು ಎಂದು ಫೆಡರಲ್ ನಿಯಮವೇ ಹೇಳುತ್ತದೆ. ಬಾವುಟ ನೋಡುವುದಕ್ಕೆ ಬೇರೆ ವೇಳಾಪಟ್ಟಿ ಬೇಡ, ಆ ನಿಲುಗಡೆಗಳೇ ಸಾಕು.

ಕತ್ತಲಾದ ಮೇಲೆ ಬಾವುಟಕ್ಕೆ ಬೆಲೆಯಿಲ್ಲ. ದೀಪ ಹಾಕಬೇಕಾದ ಹೊತ್ತಿನಲ್ಲಿ ಚಾಚಿದ ಸರಕಿಗೂ ದೀಪ ಬೇಕು: ಪಕ್ಕಕ್ಕೆ ಚಾಚಿದ್ದರೆ ಮುಂದಿನಿಂದ ಕಾಣುವಂತೆ ಹಳದಿ ಛಾಯೆಯ ಆಂಬರ್ ದೀಪ, ಹಿಂದಿನಿಂದ ಕಾಣುವಂತೆ ಕೆಂಪು ದೀಪ. ಹಿಂದಕ್ಕೆ ನಾಲ್ಕು ಅಡಿಗಿಂತ ಹೆಚ್ಚು ಚಾಚಿದ್ದರೆ ತುದಿಯಲ್ಲಿ ಎರಡು ಕೆಂಪು ದೀಪ, ಎರಡು ಕೆಂಪು ಪ್ರತಿಫಲಕ, ಮತ್ತು ಚಾಚಿದ ದೂರ ಪಕ್ಕದಿಂದಲೂ ತಿಳಿಯುವಂತೆ ಎರಡೂ ಬದಿಗೆ ಒಂದೊಂದು ಕೆಂಪು ದೀಪ. ನಿಮ್ಮ 11 ಅಡಿಯ ಲೋಡು ರಾತ್ರಿ ಓಡಬೇಕಾದ ಅಗತ್ಯವಿಲ್ಲದ ಕಾರಣ ಇದನ್ನು ಇಲ್ಲಿಗೇ ಬಿಡುತ್ತೇನೆ. ಆದರೂ ಆ ದೀಪಗಳ ಒಂದು ಜೊತೆ ಪೆಟ್ಟಿಗೆಯಲ್ಲಿರಲಿ. ಬೆಳಗಿನ ಜಾವ ಮಬ್ಬಿನಲ್ಲಿ ಹೊರಡುವ ಚಾಲಕರಿಗೆ ಅವು ಬೇಕಾಗುತ್ತವೆ.

ಇನ್ನು ಪರ್ಮಿಟ್. ಅಮೆರಿಕದಲ್ಲಿ ಕೇಂದ್ರ ಸರ್ಕಾರ ಅಳತೆ ಮೀರಿದ ಲೋಡಿಗೆ ಪರ್ಮಿಟ್ ಕೊಡುವುದಿಲ್ಲ. ಅದು ಮಿತಿಗಳನ್ನು ಹೇಳುತ್ತದೆ, ಮೀರಲು ಅನುಮತಿ ಕೊಡುವುದನ್ನು ರಾಜ್ಯಗಳಿಗೆ ಬಿಟ್ಟಿದೆ. ಅಗಲ 102 ಇಂಚು ಎಂಬ ಮಿತಿ ಬಂದದ್ದು 1982ರ ಭೂಸಾರಿಗೆ ನೆರವು ಕಾಯ್ದೆಯಿಂದ. ಹವಾಯಿ ರಾಜ್ಯ ಮಾತ್ರ 9 ಅಡಿ ಇಟ್ಟುಕೊಂಡಿದೆ. ಅಂತರರಾಜ್ಯ ಹೆದ್ದಾರಿಯಲ್ಲಿ ಒಟ್ಟು ತೂಕ 80,000 ಪೌಂಡ್, ಒಂಟಿ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ 20,000, ಜೋಡಿ ಆಕ್ಸಲ್ ಮೇಲೆ 34,000. ಎತ್ತರಕ್ಕೆ ಫೆಡರಲ್ ಮಿತಿಯೇ ಇಲ್ಲ ಎಂದರೆ ಹೊಸಬರು ನಂಬುವುದಿಲ್ಲ, ಆದರೆ ಇಲ್ಲ. ಪೂರ್ವದ ರಾಜ್ಯಗಳಲ್ಲಿ ಸಾಮಾನ್ಯವಾಗಿ 13 ಅಡಿ 6 ಇಂಚು, ಪಶ್ಚಿಮದಲ್ಲಿ ಹೆಚ್ಚಾಗಿ 14 ಅಡಿ, ಕೆಲವೆಡೆ ಅದಕ್ಕೂ ಮೇಲೆ. ಹಲವು ರಾಜ್ಯ ದಾಟುವ ಲೋಡನ್ನು 13 ಅಡಿ 6 ಇಂಚಿನೊಳಗೆ ಇಟ್ಟುಕೊಂಡರೆ ಎತ್ತರದ ತಲೆನೋವೇ ಇರುವುದಿಲ್ಲ.

ದಾರಿಯ ಮಾತಿಗೆ ಬರೋಣ. ಹೂಸ್ಟನ್‌ನಿಂದ ಡೆನ್ವರ್‌ಗೆ ಹೋಗುವ ಭಾರಿ ಟ್ರಕ್ಕುಗಳು ಅಮರಿಲೋ ದಾಟಿ ಯು.ಎಸ್. 287 ಹೆದ್ದಾರಿ ಹಿಡಿಯುವುದು ರೂಢಿ. ಆ ರಸ್ತೆ ಟೆಕ್ಸಾಸ್‌ನ ಸ್ಟ್ರಾಟ್‌ಫರ್ಡ್ ಬಿಟ್ಟ ಮೇಲೆ ಒಕ್ಲಹೋಮಾದ ಪಶ್ಚಿಮ ತುದಿಯ ಕಿರಿದಾದ ಪಟ್ಟಿಯನ್ನು ಹೊಕ್ಕು, ಬಾಯ್ಸಿ ಸಿಟಿ ಎಂಬ ಊರನ್ನು ಹಾದು ಕೊಲರಾಡೊ ಸೇರುತ್ತದೆ. ಒಕ್ಲಹೋಮಾದ ಈ ಭಾಗ ಒಂದು ತಾಸಿನೊಳಗೆ ದಾಟಿಬಿಡುವಷ್ಟು ಚಿಕ್ಕದು. ಆದರೂ ಅದಕ್ಕೆ ಪೂರ್ತಿ ಒಂದು ಪರ್ಮಿಟ್ ಬೇಕು, ಪೂರ್ತಿ ಶುಲ್ಕ ಕಟ್ಟಬೇಕು. ಟೆಕ್ಸಾಸ್‌ನಲ್ಲಿ ಅರ್ಜಿ ಹೋಗುವುದು ಮೋಟಾರು ವಾಹನ ಇಲಾಖೆಗೆ, ಕೊಲರಾಡೊದಲ್ಲಿ ಸಾರಿಗೆ ಇಲಾಖೆಗೆ. ಒಂದು ರಾಜ್ಯದ ಪರ್ಮಿಟ್ ಗಡಿಯ ಕೊನೆಯ ಕಲ್ಲಿಗೆ ಮುಗಿಯುತ್ತದೆ. ಮೂರೂ ಕಾಗದಗಳಲ್ಲಿ ಗಡಿ ದಾಟುವ ಜಾಗ ಒಂದೇ ಆಗಿದೆಯೇ ಎಂದು ಹೊರಡುವ ಮುನ್ನ ಒಂದರ ಪಕ್ಕ ಒಂದಿಟ್ಟು ನೋಡಿ. ಟೆಕ್ಸಾಸ್ ಒಂದು ರಸ್ತೆಯಲ್ಲಿ ಹೊರಗೆ ಕಳಿಸಿ, ಒಕ್ಲಹೋಮಾ ಇನ್ನೊಂದು ರಸ್ತೆಯಲ್ಲಿ ಒಳಗೆ ಕರೆದುಕೊಳ್ಳುವ ಪರ್ಮಿಟ್ಟುಗಳು ನಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಗಡಿಯಲ್ಲಿ ನಿಂತ ಚಾಲಕರಿಗೆ ಆಗ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ರಾಜ್ಯದ ಪರ್ಮಿಟ್ ರಾಜ್ಯ ನೋಡಿಕೊಳ್ಳುವ ರಸ್ತೆಗಳಿಗೆ. ಕಾರ್ಖಾನೆಯ ಗೇಟಿನಿಂದ ಹೆದ್ದಾರಿಯವರೆಗಿನ ರಸ್ತೆ ನಗರದ್ದೋ ಕೌಂಟಿಯದೋ (ನಮ್ಮ ಜಿಲ್ಲೆಯಂಥ ಆಡಳಿತ) ಆಗಿದ್ದರೆ ಅವರ ಕಚೇರಿಗೆ ಬೇರೆಯಾಗಿ ಕೇಳಬೇಕು. ಇಳಿಸುವ ಜಾಗದಲ್ಲೂ ಅದೇ. ಹೊಸಬರು ಸಾವಿರ ಮೈಲಿಯ ಹೆದ್ದಾರಿಯನ್ನು ಸರಿಪಡಿಸಿಕೊಂಡು ಕೊನೆಯ ಎರಡು ಮೈಲಿಯಲ್ಲಿ ಸಿಕ್ಕಿಬೀಳುವುದು ಹೀಗೆ.

ಪರ್ಮಿಟ್ ಎಲ್ಲಕ್ಕೂ ಸಿಗುವುದಿಲ್ಲ. ಬಿಡಿಸಲಾಗದ ಲೋಡಿಗೆ ಮಾತ್ರ ಎಂಬುದು ಇಡೀ ವ್ಯವಸ್ಥೆಯ ಅಡಿಗಲ್ಲು. ಬಿಡಿಸಲಾಗದ್ದು ಎಂದರೆ ಏನು ಎಂಬುದಕ್ಕೆ ಫೆಡರಲ್ ವ್ಯಾಖ್ಯೆ ಇದೆ: ಭಾಗ ಮಾಡಿದರೆ ಅದು ಮಾಡಬೇಕಾದ ಕೆಲಸಕ್ಕೆ ಬಾರದಂತಾಗುವುದು, ಅಥವಾ ಅದರ ಬೆಲೆಯೇ ಹಾಳಾಗುವುದು, ಅಥವಾ ಸರಿಯಾದ ಸಲಕರಣೆ ಬಳಸಿಯೂ ಬಿಚ್ಚಲು ಎಂಟು ಕೆಲಸದ ಗಂಟೆಗಳಿಗಿಂತ ಹೆಚ್ಚು ಹಿಡಿಯುವುದು. ಎಷ್ಟು ಗಂಟೆ ಹಿಡಿಯುತ್ತದೆ ಎಂದು ಸಾಬೀತು ಮಾಡುವ ಹೊಣೆ ಅರ್ಜಿದಾರನದು. ಈ ವ್ಯಾಖ್ಯೆ ಹುಟ್ಟಿದ್ದು ತೂಕದ ವಿಚಾರಕ್ಕೆ, ಆದರೆ ಅಳತೆಯ ಪರ್ಮಿಟ್ಟುಗಳಲ್ಲೂ ರಾಜ್ಯಗಳು ಇದೇ ಧಾಟಿಯಲ್ಲಿ ಯೋಚಿಸುತ್ತವೆ. ನಿಮ್ಮ ಕಂಪ್ರೆಸರ್ ಒಂದೇ ತುಂಡಾದರೂ ಅದರ ಪಕ್ಕದ ನಡೆದಾಡುವ ಮೆಟ್ಟಿಲುಗಳು ಬೋಲ್ಟಿನಿಂದ ಕೂಡಿಸಿದವೇ ಎಂದು ತಯಾರಕರನ್ನು ಕೇಳಿ. ಎರಡು ಬೋಲ್ಟ್ ಬಿಚ್ಚಿದರೆ 11 ಅಡಿ 9 ಅಡಿ 8 ಇಂಚಿಗೆ ಇಳಿಯುವುದಾದರೆ ಅದನ್ನು ಬಿಚ್ಚಿ ಬೇರೆ ಹಲಗೆಯ ಮೇಲೆ ಇಡುವುದು ಪರ್ಮಿಟ್ ಕಚೇರಿಗೂ ಇಷ್ಟ, ನಿಮಗೂ ಲಾಭ. ಒಂದು ಯಂತ್ರಕ್ಕೆ ಪಡೆದ ಪರ್ಮಿಟ್ಟಿನಲ್ಲಿ ‘ಹೇಗೂ ಜಾಗವಿದೆ’ ಎಂದು ಇನ್ನೊಂದು ಪೆಟ್ಟಿಗೆಯನ್ನು ಪಕ್ಕಕ್ಕೆ ಕೂರಿಸಿ ಅಗಲ ಹೆಚ್ಚಿಸುವ ಯೋಚನೆಯನ್ನಂತೂ ಮಾಡಲೇಬೇಡಿ.

ಪರ್ಮಿಟ್ ಕೇಳುವುದಕ್ಕೂ ಮೊದಲು ಟ್ರೇಲರ್ ಆರಿಸಿ. ನಿಮ್ಮ ಎತ್ತರದ ಪ್ರಶ್ನೆ ಅಲ್ಲೇ ಮುಗಿಯುತ್ತದೆ. ಸಾಮಾನ್ಯ ಫ್ಲಾಟ್‌ಬೆಡ್‌ನ (ಮುಚ್ಚಿಗೆಯಿಲ್ಲದ ಸಪಾಟು ಟ್ರೇಲರ್) ಹಾಸು ನೆಲದಿಂದ ಸುಮಾರು 5 ಅಡಿ ಮೇಲಿರುತ್ತದೆ. ಅದರ ಮೇಲೆ 10 ಅಡಿಯ ಕಂಪ್ರೆಸರ್ ಇಟ್ಟರೆ 15 ಅಡಿ. ಅಗಲದ ಜೊತೆ ಎತ್ತರವೂ ಮೀರಿತು, ಎತ್ತರದ ಕೋಲು ಹೊತ್ತು, ಲೋಡು ಮೇಲೆ ತಾಗುತ್ತದೆಯೇ ಎಂದು ಮುಂದೆ ಸಾಗಿ ನೋಡುವ ಬೆಂಗಾವಲು ವಾಹನದ ಖರ್ಚು ಬಂತು, ಎಷ್ಟೋ ಸೇತುವೆಗಳು ದಾರಿಯಿಂದ ಹೊರಗಾದವು. ಮುಂಭಾಗ ಬಿಟ್ಟು ಉಳಿದ ಹಾಸು ಮೆಟ್ಟಿಲಿನಂತೆ ತಗ್ಗಿರುವ ಸ್ಟೆಪ್ ಡೆಕ್‌ ಟ್ರೇಲರ್‌ನ ಕೆಳಹಾಸು ಸುಮಾರು 3 ಅಡಿ 4 ಇಂಚು. ಅದೇ ಯಂತ್ರ ಅಲ್ಲಿ 13 ಅಡಿ 4 ಇಂಚಿಗೆ ನಿಲ್ಲುತ್ತದೆ, ಮೂರೂ ರಾಜ್ಯಗಳಲ್ಲಿ ಎತ್ತರದ ಮಿತಿಯೊಳಗೆ. 28 ಅಡಿ ಉದ್ದವೂ ಕೆಳಹಾಸಿನಲ್ಲಿ ಹಿಡಿಯುತ್ತದೆ. ಲೋಬಾಯ್ ಎಂಬ ಟ್ರೇಲರ್ ಇನ್ನೂ ತಗ್ಗು, ಆದರೆ ಬಾಡಿಗೆ ಹೆಚ್ಚು. ನಿಮಗೆ ಅದರ ಅಗತ್ಯ ಕಾಣುವುದಿಲ್ಲ.

ಆದರೆ ಆ ಎರಡು ಇಂಚಿನ ಉಳಿಕೆಯನ್ನು ನಂಬಿ ಕೂರಬೇಡಿ. ತಯಾರಕರ ಕೈಪಿಡಿಯಲ್ಲಿರುವ 10 ಅಡಿ ಯಂತ್ರದ ಎತ್ತರವೋ ಎತ್ತುವ ಕೊಂಡಿಗಳನ್ನೂ ಸೇರಿಸಿದ ಎತ್ತರವೋ? ಕೆಳಗೆ ಮರದ ದಿಮ್ಮಿಗಳನ್ನು ಇಟ್ಟು ಕೂರಿಸುತ್ತಾರೆಯೇ? ನಾಲ್ಕು ಇಂಚಿನ ದಿಮ್ಮಿ ಹಾಕಿದರೆ 13 ಅಡಿ 8 ಇಂಚು, ಲೋಡು ಆಗಲೇ ಒಕ್ಲಹೋಮಾದ ಮಿತಿ ದಾಟಿತು. ಅಳೆಯಬೇಕಾದದ್ದು ಲೋಡು ಏರಿ, ಸರಪಳಿ ಬಿಗಿದು, ಟೈರಿನ ಗಾಳಿ ಮತ್ತು ಏರ್ ಸಸ್ಪೆನ್ಷನ್ ಓಡುವ ಮಟ್ಟಕ್ಕೆ ಬಂದ ಮೇಲೆ, ಸಮತಟ್ಟಾದ ನೆಲದಲ್ಲಿ. ಮೇಲಿನ ಅತಿ ಎತ್ತರದ ಬಿಂದುವಿನ ಮೇಲೆ ನೇರವಾದ ಒಂದು ಪಟ್ಟಿಯನ್ನು ಅಡ್ಡವಿಟ್ಟು, ಅದರ ತುದಿಯಿಂದ ನೆಲಕ್ಕೆ ಟೇಪು ಇಳಿಬಿಡುವುದು ಹಳೆಯ ಕ್ರಮ, ಈಗಲೂ ಅದೇ ನೆಚ್ಚಿಕೆಯದು. ಅಗಲಕ್ಕೂ ಹೀಗೆಯೇ. ಸರಪಳಿ ಬಿಗಿಯುವ ಬೈಂಡರ್‌ನ ಹಿಡಿಕೆ ಯಂತ್ರಕ್ಕಿಂತ ಹೊರಗೆ ನಿಂತಿದ್ದರೆ ಅಗಲ ಅಲ್ಲಿಯವರೆಗೆ. ವಾಹನದ ಪಕ್ಕದ ಕೆಲವು ಉಪಕರಣಗಳಿಗೆ ಮೂರು ಇಂಚಿನವರೆಗೆ ಫೆಡರಲ್ ವಿನಾಯಿತಿ ಇದೆ ಎಂದು ಯಾರಾದರೂ ವಾದಿಸಬಹುದು. ಅದು ಸರಕು ಹೊರದ ಸಾಧನಗಳಿಗೆ, ಸರಕಿಗಲ್ಲ. ಬೈಂಡರ್‌ಗಳನ್ನು ಒಳಬದಿಗೆ ತಿರುಗಿಸಿ ಹಾಕಿಸಿದರೆ ಈ ವಾದವೇ ಬೇಡ.

ಸರಪಳಿಯ ಮಾತು ಬಂದದ್ದರಿಂದ ಒಂದು ಲೆಕ್ಕ. ಕಟ್ಟುಗಳ ಒಟ್ಟು ಸಾಮರ್ಥ್ಯ ಸರಕಿನ ತೂಕದ ಅರ್ಧಕ್ಕಿಂತ ಕಡಿಮೆ ಇರಬಾರದು. ನಿಮಗೆ 21,000 ಪೌಂಡ್. ಮೂರೆಂಟಾಂಶ ಇಂಚಿನ ಗ್ರೇಡ್ 70 (ಉಕ್ಕಿನ ಬಲದ ದರ್ಜೆ) ಸರಪಳಿ ಕೆಲಸದಲ್ಲಿ ಹೊರಬಹುದಾದ ಭಾರದ ಮಿತಿ 6,600 ಪೌಂಡ್. ‘ನಾಲ್ಕು ಹಾಕಿದರೆ 26,400, ಆಯಿತಲ್ಲ’ ಎನ್ನುವಿರಿ. ಟ್ರೇಲರ್‌ನಿಂದ ಯಂತ್ರದ ಕೊಂಡಿಗೆ ನೇರವಾಗಿ ಕಟ್ಟಿದ ಸರಪಳಿಯನ್ನು ಅರ್ಧಕ್ಕೆ ಮಾತ್ರ ಎಣಿಸಬೇಕು, ಅಂದರೆ 3,300. ಆ ಲೆಕ್ಕಕ್ಕೆ ಏಳು ಬೇಕು, ಜೋಡಿಯಾಗಿ ಕಟ್ಟುವುದರಿಂದ ಎಂಟು. ತಪಾಸಣೆಯಲ್ಲಿ ಬಾವುಟ ನೋಡಲು ನಿಲ್ಲಿಸಿದವರು ಮೊದಲು ಎಣಿಸುವುದು ಸರಪಳಿಯನ್ನೇ.

ತೂಕದಲ್ಲಿ ನೀವು ಮಿತಿಯೊಳಗಿದ್ದೀರಿ ಎಂದು ನನ್ನ ಅಂದಾಜು. ಟ್ರಕ್ಕು, ಟ್ರೇಲರ್ ಸೇರಿ 34,000 ಪೌಂಡ್ ಆಸುಪಾಸು ಇದ್ದರೆ ಒಟ್ಟು 76,000. ಆದರೆ ಒಟ್ಟು ತೂಕ ಸರಿಯಿದ್ದೂ ಆಕ್ಸಲ್ ತೂಕ ತಪ್ಪಿರಬಹುದು, ಎರಡೂ ಸರಿಯಿದ್ದೂ ಆಕ್ಸಲ್‌ಗಳ ನಡುವಿನ ದೂರ ಸಾಲದೆ ಹೋಗಬಹುದು. ಸೇತುವೆಯ ಸೂತ್ರ ಎಂದು ಕರೆಯುವ ಲೆಕ್ಕ ಈ ಕೊನೆಯದಕ್ಕೆ. ಆಕ್ಸಲ್‌ಗಳು ಎಷ್ಟು, ಅವುಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಎಷ್ಟು ಅಡಿ ದೂರ ಎಂಬುದರ ಮೇಲೆ ಅವು ಒಟ್ಟಾಗಿ ಹೊರಬಹುದಾದ ತೂಕವನ್ನು ಅದು ಹೇಳುತ್ತದೆ. ಐದು ಆಕ್ಸಲ್‌ಗಳ ಗಾಡಿ ಪೂರ್ತಿ 80,000 ಹೊರಬೇಕಾದರೆ ಮೊದಲ ಆಕ್ಸಲ್‌ನಿಂದ ಕೊನೆಯದಕ್ಕೆ 51 ಅಡಿ ಇರಬೇಕು. ತೂಕ ಕಿರಿದಾದ ಜಾಗದಲ್ಲಿ ಒತ್ತಿಕೊಂಡಷ್ಟೂ ಸೇತುವೆಯ ತೊಲೆಗೆ ಕಷ್ಟ. ಸೂತ್ರದ ಹಿಂದಿರುವುದು ಇಷ್ಟೇ. ಕಂಪ್ರೆಸರ್‌ನ ಭಾರ ಹೆಚ್ಚಾಗಿ ಎಂಜಿನ್ ಇರುವ ತುದಿಯಲ್ಲಿರುತ್ತದೆ. ಲೋಡು ಮಾಡುವವರು ಅದನ್ನು ಉದ್ದದ ನಡುವಿಗೆ ನೋಡಿ ಕೂರಿಸಿದರೆ ಒಂದು ಜೋಡಿ ಆಕ್ಸಲ್ 34,000 ದಾಟುವುದು ಸುಲಭ. ಹೊರಟ ಕೂಡಲೇ ಹತ್ತಿರದ ಖಾಸಗಿ ತೂಕದ ಕಟ್ಟೆಯಲ್ಲಿ ಒಮ್ಮೆ ತೂಗಿಸಿ, ವಾಪಸು ಬಂದು ಸರಿಸಿಕೊಳ್ಳುವಷ್ಟು ಸಮಯ ಇಟ್ಟುಕೊಳ್ಳಿ.

ಪರ್ಮಿಟ್ ಬಂದ ಮೇಲೆ ಅದನ್ನು ಓದಬೇಕು. ಹಾಸ್ಯವಲ್ಲ. ಮೊದಲ ಪುಟದ ಅಳತೆ, ನಂಬರ್ ಪ್ಲೇಟು, ದಿನಾಂಕ ನೋಡಿ ಚಾಲಕರಿಗೆ ಕಳಿಸಿಬಿಡುವ ಡಿಸ್ಪ್ಯಾಚರ್‌ಗಳೇ ಹೆಚ್ಚು. ಷರತ್ತುಗಳಿರುವುದು ಹಿಂದಿನ ಪುಟಗಳಲ್ಲಿ. ಸಾಮಾನ್ಯವಾಗಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಓಡಬಹುದು. ದೊಡ್ಡ ನಗರಗಳಲ್ಲಿ ಬೆಳಿಗ್ಗೆ ಸಂಜೆ ದಟ್ಟಣೆಯ ಹೊತ್ತಿನಲ್ಲಿ ನಿಷೇಧ. ಹಬ್ಬದ ರಜೆಗಳಲ್ಲಿ, ಕೆಲವೆಡೆ ಅದರ ಹಿಂದಿನ ಮಧ್ಯಾಹ್ನದಿಂದಲೇ ನಿಷೇಧ. ಮಂಜು, ಹಿಮ, ಜೋರು ಗಾಳಿಯಿದ್ದರೆ ನಿಲ್ಲಬೇಕು. ಹತ್ತು ಅಡಿಯೊಳಗಿನ ಲೋಡಿಗೆ ರಾತ್ರಿ ಓಡಲು ಸಡಿಲಿಕೆ ಕೊಡುವ ರಾಜ್ಯಗಳಿವೆ, ನಿಮ್ಮದು ಹನ್ನೊಂದು. ದೂರ ಸಾವಿರ ಮೈಲಿ ಆಸುಪಾಸು, ಡಿಸೆಂಬರ್‌ನಲ್ಲಾದರೆ ಹಗಲು ಹತ್ತು ಗಂಟೆಯಷ್ಟು. ಮೂರು ದಿನ ಇಟ್ಟುಕೊಂಡು ಗ್ರಾಹಕರಿಗೆ ಮಾತು ಕೊಡಿ. ಚಾಲಕರ ದಿನದ ಹನ್ನೊಂದು ಗಂಟೆಯ ಮಿತಿಯನ್ನು ಹಿಡಿದು ಎರಡೇ ದಿನ ಎಂದು ಹೇಳಿಬಿಡಬೇಡಿ. ಕೊಲರಾಡೊ ಗಡಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಸೂರ್ಯ ಹೋಗುವುದಿಲ್ಲ. ಪರ್ಮಿಟ್ ಹೇಳುವುದು ಸೂರ್ಯನ ಸಮಯ.

ಮುಂದೆ ಹಿಂದೆ ‘ಓವರ್‌ಸೈಜ್ ಲೋಡ್’ ಎಂಬ ಫಲಕ ಬೇಕು. ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ಏಳು ಅಡಿ ಉದ್ದ, 18 ಇಂಚು ಎತ್ತರ, ಅಕ್ಷರಗಳು 10 ಇಂಚು ಎಂಬುದು ಹಲವು ರಾಜ್ಯಗಳು ಒಪ್ಪುವ ಅಳತೆ. ಬೆಂಗಾವಲು ವಾಹನದ ವಿಷಯದಲ್ಲಿ ಮಾತ್ರ ರಾಜ್ಯಗಳಿಗೆ ಒಮ್ಮತವೇ ಇಲ್ಲ. ಎರಡು ಲೇನಿನ ರಸ್ತೆಯಲ್ಲಿ ಕೆಲವರು 12 ಅಡಿ ದಾಟಿದ ಕೂಡಲೇ ಕೇಳುತ್ತಾರೆ, ಟೆಕ್ಸಾಸ್ ಸಾಮಾನ್ಯವಾಗಿ 14 ಅಡಿಯವರೆಗೆ ಕೇಳುವುದಿಲ್ಲ. 11 ಅಡಿಗೆ ನಿಮಗೆ ಬೇಕಾಗಲಾರದು, ಆದರೆ ಒಂದು ನಿರ್ದಿಷ್ಟ ಸೇತುವೆ ಅಥವಾ ಕಾಮಗಾರಿ ನಡೆಯುವ ರಸ್ತೆಗೆ ಮಾತ್ರ ಬೇಕೆಂದು ಷರತ್ತಿನಲ್ಲಿ ಬರೆದಿರಬಹುದು. ಷರತ್ತಿನಲ್ಲಿ ಏನಿದೆಯೋ ಅದೇ ಕಾನೂನು. ಅದನ್ನು ಮುರಿದರೆ ಪರ್ಮಿಟ್ಟೇ ಇಲ್ಲದಂತೆ ಎಂದು ಎಣಿಸುವ ರಾಜ್ಯಗಳು ಹಲವು. ಆಗ ದಂಡ ಲೆಕ್ಕ ಹಾಕುವುದು ಮುರಿದ ಒಂದು ಷರತ್ತಿಗಲ್ಲ, ಕಾನೂನಿನ ಮಿತಿಗಿಂತ ಎಷ್ಟು ಮೀರಿದ್ದೀರಿ ಎಂಬ ಪೂರ್ತಿ ಅಳತೆಗೆ.

ದಾರಿಯೂ ಷರತ್ತೇ. ಪರ್ಮಿಟ್ಟಿನಲ್ಲಿ ಬರೆದ ಎಕ್ಸಿಟ್ ಬಿಟ್ಟು ಪಕ್ಕದ ಎಕ್ಸಿಟ್‌ನಲ್ಲಿ ಡೀಸೆಲ್‌ಗೆ ಇಳಿದರೂ ಅದು ದಾರಿ ತಪ್ಪಿದ್ದೇ. ರಸ್ತೆ ಮುಚ್ಚಿ ಬದಲಿ ದಾರಿ ತೋರಿಸುವ ಫಲಕ ಎಲ್ಲರಿಗೂ, ನಿಮಗಲ್ಲ; ಸುರಕ್ಷಿತ ಜಾಗದಲ್ಲಿ ನಿಂತು ಪರ್ಮಿಟ್ ಕಚೇರಿಗೆ ಫೋನ್ ಮಾಡಿ ದಾರಿ ತಿದ್ದಿಸಿಕೊಳ್ಳಬೇಕು. ಫೋನಿನ ನಕ್ಷೆಯ ಧ್ವನಿಯನ್ನು ಆ ಮೂರು ದಿನ ಆರಿಸಿಬಿಡಿ ಎಂದು ಚಾಲಕರಿಗೆ ನಾನಂತೂ ಹೇಳುತ್ತೇನೆ.

ಸೇತುವೆಯ ಪ್ರಶ್ನೆ ಕೇಳಿದ್ದೀರಿ. 2013ರ ಮೇ 23ರಂದು ವಾಷಿಂಗ್ಟನ್ ರಾಜ್ಯದ ಐ-5 ಹೆದ್ದಾರಿಯಲ್ಲಿ ಸ್ಕ್ಯಾಜಿಟ್ ನದಿಯ ಸೇತುವೆಯ ಒಂದು ಭಾಗ ನೀರಿಗೆ ಬಿತ್ತು. ಕಾರಣ ಪ್ರವಾಹವಲ್ಲ, ಪರ್ಮಿಟ್ ಇದ್ದ ಒಂದು ಟ್ರಕ್ಕು. ಅದರ ಪರ್ಮಿಟ್ಟಿನಲ್ಲಿ ಎತ್ತರ 15 ಅಡಿ 9 ಇಂಚು ಎಂದಿತ್ತು. ಅಪಘಾತದ ನಂತರ ಅಳೆದಾಗ 15 ಅಡಿ 11 ಇಂಚು. ಆ ಸೇತುವೆಯ ಮೇಲಿನ ಉಕ್ಕಿನ ಚೌಕಟ್ಟು ನಡುವಿನಲ್ಲಿ 18 ಅಡಿಯಷ್ಟು ಎತ್ತರ, ಅಂಚಿಗೆ ಬರುತ್ತ ಬಾಗಿ 15 ಅಡಿಗಿಂತ ಕೆಳಗೆ ಇಳಿಯುತ್ತಿತ್ತು. ಎಡ ಲೇನಿನಲ್ಲಿ ಹೋಗಿದ್ದರೆ ಆ ಲೋಡು ತಾಗದೆ ದಾಟುತ್ತಿತ್ತು. ಬಲ ಲೇನಿನಲ್ಲಿತ್ತು, ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಟ್ರಕ್ಕು ಮುಂದೆ ಹಾಯುತ್ತಿತ್ತು. ಎತ್ತರದ ಕೋಲು ಹೊತ್ತ ಬೆಂಗಾವಲು ವಾಹನ ಮುಂದೆ ಇತ್ತು. ಅದರ ಚಾಲಕಿ ಆಗ ಫೋನಿನಲ್ಲಿ ಮಾತನಾಡುತ್ತಿದ್ದುದನ್ನು, ಟ್ರಕ್ಕು ನಿಲ್ಲಿಸಲು ಸಾಲುವಷ್ಟು ಅಂತರ ಎರಡರ ನಡುವೆ ಇರಲಿಲ್ಲ ಎಂಬುದನ್ನು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ದಾಖಲಿಸಿತು. ಎರಡು ವಾಹನಗಳು ನದಿಗೆ ಬಿದ್ದವು, ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ನಮ್ಮ ಕೆಲಸಕ್ಕೆ ಆ ಘಟನೆಯಲ್ಲಿ ಬೇಕಾದ ಅಂಶ ಇದು: ಪರ್ಮಿಟ್ ಬಂದದ್ದು ಗಣಕಯಂತ್ರದ ಮೂಲಕ, ದಾರಿಯ ಸೇತುವೆಗಳ ಕೆಳಗೆ ಲೋಡು ಹಿಡಿಯುತ್ತದೆಯೇ ಎಂದು ಪರಿಶೀಲಿಸುವ ಹೊಣೆಯನ್ನು ರಾಜ್ಯ ಸಾಗಣೆದಾರನ ಮೇಲೇ ಹಾಕಿತ್ತು. ಟೆಕ್ಸಾಸ್‌ನಂಥ ರಾಜ್ಯಗಳು ತಾವೇ ದಾರಿ ಗೊತ್ತುಮಾಡಿ ಕೊಡುತ್ತವೆ, ಆದರೂ ಕಾಗದದ ಮೂಲೆಯಲ್ಲಿ ಹೊಣೆಗಾರಿಕೆಯ ಸಾಲು ಇದ್ದೇ ಇರುತ್ತದೆ. ಡಾಂಬರು ಮೇಲೆ ಡಾಂಬರು ಬಿದ್ದು ಸೇತುವೆಯ ಕೆಳಗಿನ ಜಾಗ ಕಡಿಮೆಯಾಗಿರಬಹುದು, ಕಾಮಗಾರಿಯ ತಡೆಗೋಡೆಗಳಿಂದ ಲೇನು 11 ಅಡಿಗೆ ಕುಗ್ಗಿರಬಹುದು. ನಿಮ್ಮ ಲೋಡಿಗೆ ಎತ್ತರದ ಭಯವಿಲ್ಲ, ಆದರೆ ಈ ಎರಡನೆಯದು ನಿಮ್ಮದೇ ಸಮಸ್ಯೆ. ಹೊರಡುವ ಹಿಂದಿನ ದಿನ ಮೂರೂ ರಾಜ್ಯಗಳ ರಸ್ತೆ ಕಾಮಗಾರಿಯ ಮಾಹಿತಿಯಲ್ಲಿ ಅಗಲದ ನಿರ್ಬಂಧ ಎಲ್ಲಿದೆ ಎಂದು ಹುಡುಕಿ. ಸಿಕ್ಕರೆ ಪರ್ಮಿಟ್ ತಿದ್ದಿಸಿ.

ಡೆನ್ವರ್‌ನಲ್ಲಿ ಲೋಡು ಇಳಿಸಿದ ಮೇಲೆ ಫಲಕ, ಬಾವುಟ ಎರಡನ್ನೂ ಬಿಚ್ಚಿಸಿ. ಲೋಡು ಇಲ್ಲದೆ ‘ಓವರ್‌ಸೈಜ್’ ಫಲಕ ಹೊತ್ತು ಓಡುವುದನ್ನು ಹಲವು ರಾಜ್ಯಗಳು ಉಲ್ಲಂಘನೆ ಎಂದೇ ನೋಡುತ್ತವೆ. ಕಂಪ್ರೆಸರ್‌ಗಾಗಿ ಟ್ರೇಲರ್‌ನ ಪಕ್ಕದ ಚಾಚುಗಳನ್ನು ಹೊರಗೆಳೆದಿದ್ದರೆ ಅವನ್ನೂ ಒಳಗೆ ತಳ್ಳಿಸಿ. ಹಾಗೇ ಬಿಟ್ಟರೆ ಖಾಲಿ ಟ್ರೇಲರೇ 102 ಇಂಚು ದಾಟಿರುತ್ತದೆ, ಅದಕ್ಕೆ ನಿಮ್ಮ ಬಳಿ ಪರ್ಮಿಟ್ ಇರುವುದಿಲ್ಲ.